ದರ್ಜಿಯ ಎದೆ ಮೇಲಿನ ಬಿಲ್ಲೆ

ನಮ್ಮಪ್ಪ ದರ್ಜಿ. ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಮಾತ್ರ 'ಕಾರ್ಮಿಕ' ಅಂತ. ಅಳತೆ ಕೊಡೋಕೆ ನಿಂತವರಿಗೂ ಕಾರ್ಮಿಕ ಪಕ್ಷದ ಪಾಠ ತಪ್ಪುತ್ತಿರಲಿಲ್ಲ. "ಕಾರ್ಮಿಕ ಅಂದ್ರೆ ಬರೀ ಕಾರ್ಖಾನೆಯವನಲ್ಲ ಸ್ವಾಮಿ. ಬೆವರು ಸುರಿಸೋ ಪ್ರತಿಯೊಬ್ಬನೂ ಕಾರ್ಮಿಕನೇ!"

"ಮೊದ್ಲು ಸೊಂಟ ಅಳೆಯೋ ಪುಣ್ಯಾತ್ಮ," ಅನ್ನೋರು ಅವರು.

ಅಂಗಡಿಯ ಹಿಂದಿನ ಮೂಲೆಯಲ್ಲಿ ಅಪ್ಪನ ತಂಗಿ, ನಮ್ಮ ಸೋದರತ್ತೆ ಕೂತಿರುತ್ತಿದ್ದಳು. ಗಂಡ ಸತ್ತ ಮೇಲೆ ನಮ್ಮ ಜೊತೆಗೇ ಇದ್ದಳು. ಅಪ್ಪ ಹೊಲಿದು ಎಸೆದದ್ದಕ್ಕೆಲ್ಲ ಕಾಜಾ ಹಾಕೋದು, ಗುಂಡಿ ಹಚ್ಚೋದು, ಅಂಚು ಮಡಿಚೋದು ಅವಳೇ. ಊಟ ಬಟ್ಟೆ ಬಿಟ್ಟರೆ ಬೇರೇನೂ ಇಲ್ಲ. ಮನೆಯವಳಲ್ವಾ!

ಒಂದು ದಿನ ಪಕ್ಷದ ಕಾರ್ಯದರ್ಶಿ ಬಿಲ್ಲೆ ಹಂಚೋಕೆ ಬಂದ. ಸ್ವಂತ ಕೈಯಿಂದ ದುಡಿಯೋನಿಗೆ 'ಕಾರ್ಮಿಕ' ಅನ್ನೋ ಬಿಲ್ಲೆ. ಆಳು ಇಟ್ಟುಕೊಂಡವನಿಗೆ ಬರೀ 'ಬೆಂಬಲಿಗ'.

"ಕೆಲ್ಸಕ್ಕೆ ಯಾರನ್ನಾದ್ರೂ ಇಟ್ಕೊಂಡಿದ್ದೀರಾ?"

"ಛೇ ಛೇ, ಎಲ್ಲ ನಾನೊಬ್ನೇ," ಅಂದ ಅಪ್ಪ. "ನಮ್ಮ ತಂಗಿ ಸುಮ್ನೆ ಹೊತ್ತು ಹೋಗ್ಲಿ ಅಂತ ಕೂತಿರ್ತಾಳೆ."

ಅತ್ತೆಯ ತೊಡೆ ಮೇಲೆ ಅರ್ಧ ಕಾಜಾ ಹಾಕಿದ ಕೋಟಿತ್ತು. ಥೂ, ನನಗಂತೂ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅಪ್ಪ ಆ ಕಡೆ ನೋಡಲೇ ಇಲ್ಲ. ಬಿಲ್ಲೆ ಚುಚ್ಚಿಕೊಂಡ. ಕಿವಿ ಮಾತ್ರ ಕೆಂಪಾಗಿತ್ತು.

ಅತ್ತೆ ಆ ಕೋಟು ಮುಗಿಸಿ ಮಡಿಚಿಟ್ಟಳು. ಮಾರನೇ ದಿನ ಪಕ್ಕದ ಬೀದಿಯ ಸಿದ್ಧ ಉಡುಪಿನ ಕಾರ್ಖಾನೆ ಸೇರಿದಳು. ಜಗಳವಿಲ್ಲ, ರಂಪವಿಲ್ಲ. ಸಂಜೆ ಎಂದಿನಂತೆ ನಮ್ಮ ಜೊತೆಗೇ ಊಟಕ್ಕೆ ಕೂರುತ್ತಿದ್ದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಪ್ಪ ಹಾಕಿದ ಕಾಜಾ ನೋಡಿ ಗಿರಾಕಿಗಳು, "ಏನಯ್ಯಾ, ಇಲಿ ಕಡಿದಿದ್ಯಾ?" ಅಂದರೆ ತಲೆ ತಗ್ಗಿಸಿ ಬಿಚ್ಚಿ ಮತ್ತೆ ಹೊಲಿಯುತ್ತಿದ್ದ. ಪಕ್ಷದ ಪಾಠವೂ ನಿಂತೇಹೋಯಿತು.

ಪಕ್ಷದ ಮುಂದಿನ ಸಭೆಗೆ ಕಾರ್ಖಾನೆಯ ಹೆಂಗಸರು ಹೊಸ ಸದಸ್ಯರಾಗಿ ಬಂದರು. ಅವರಲ್ಲಿ ಅತ್ತೆಯೂ ಇದ್ದಳು. ಕಾರ್ಯದರ್ಶಿಗೆ ಅವಳ ಗುರುತು ಹತ್ತಲಿಲ್ಲ. ಮೂಲೆಯಲ್ಲಿ ಕೂತವಳನ್ನು ಅವನು ತಾನೇ ಎಲ್ಲಿ ಕಣ್ಣೆತ್ತಿ ನೋಡಿದ್ದ?

"ನಿಮ್ದು ಪಳಗಿದ ಕೈ ಅಂತಾರಲ್ಲಮ್ಮ," ಅಂದ. "ಹಿಂದೆ ದುಡಿದಿದ್ರೆ ಹೇಳಿ, ಕಾರ್ಖಾನೆಯವರ ಜೊತೆ ಮಾತಾಡಿ ಮೇಲಿನ ದರ್ಜೆ ಕೊಡಿಸ್ತೀವಿ. ಮುಂಚೆ ಎಲ್ಲಿದ್ರಿ?"

ಅಪ್ಪ ಎದ್ದು ನಿಂತ. ಬಾಯಿ ತೆರೆದ.

ಅತ್ತೆ ಅಣ್ಣನ ಮುಖ ನೋಡಿದಳು, ಎದೆ ಮೇಲಿನ ಬಿಲ್ಲೆ ನೋಡಿದಳು.

"ಎಲ್ಲೂ ಇಲ್ಲ ಸಾರ್. ಮನೇಲೇ ಇದ್ದೆ."

ಕಾರ್ಯದರ್ಶಿ ಅವಳನ್ನು ಹೊಸಬರ ಸಾಲಿಗೆ ಕಳಿಸಿದ. ಅಪ್ಪ ಕೂತುಬಿಟ್ಟ. ನಾಚಿಕೆಯಿಂದ ಸಾಯುತ್ತಿದ್ದ, ಆದರೂ ಬಿಲ್ಲೆ ಬಿಚ್ಚಲಿಲ್ಲ.