ಮೂರನೇ ಗೇರು ಹಿಡಿದ ಕೈ

ನಮ್ಮ ಜೀಪಿನ ಮೂರನೇ ಗೇರು ನಿಲ್ಲುತ್ತಿರಲಿಲ್ಲ. ಇಳಿಜಾರಿನಲ್ಲಿ ಎಕ್ಸಲೇಟರ್ ಮೇಲಿನ ಕಾಲು ಸಡಿಲಿಸಿದರೆ ಸಾಕು, ಟಕ್ಕಂತ ಹಾರಿ ನ್ಯೂಟ್ರಲ್‌ಗೆ ಬೀಳುತ್ತಿತ್ತು. ಆಮೇಲೆ ಗಾಡಿ ಕಣ್ಣಿ ಹರಿದ ಹೋರಿಯೇ. ಅದಕ್ಕೇ ಮುಂದಿನ ಸೀಟಿನಲ್ಲಿ ಕೂತವರು ಗೇರಿನ ಕಡ್ಡಿಯನ್ನು ಒತ್ತಿ ಹಿಡಿಯಬೇಕು. ಠಾಣಾ ಕುಶನೂರಿನಿಂದ ಭಾಲ್ಕಿ ಸ್ಟೇಷನ್ನಿಗೆ ಓಡುವ ಹಳೆಯ ಜೀಪುಗಳಲ್ಲೆಲ್ಲ ಇದೇ ಪದ್ಧತಿ. ಬಾಡಿಗೆ ಕೊಟ್ಟು ಹತ್ತಿದವರೇ ದುಡಿಯಬೇಕಿತ್ತು, ಆದರೂ ಯಾರೂ ತಕರಾರು ತೆಗೆಯುತ್ತಿರಲಿಲ್ಲ.

ನಮ್ಮ ಗಾಡಿಯಲ್ಲಿ ಆ ಕೆಲಸ ನನ್ನ ಪಾಲಿಗೆ ಬಂತು. ಮದುವೆಯಾದ ವರ್ಷವೇ ಮನೆಯವರು, ‘ಮಂದಿ ಮಾತಾಡ್ಕೋತ ಕೈ ಬಿಡ್ತಾರ. ನೀ ಬಂದು ಕೂಡು,’ ಅಂದರು. ಅವರು ಓಡಿಸುತ್ತಿದ್ದರು, ನಾನು ಹಿಡಿಯುತ್ತಿದ್ದೆ. ಬಲಗೈಯಲ್ಲಿ ಜಡ್ಡು ಬಂತು, ರೊಟ್ಟಿ ಬಡಿಯುವಾಗ ಮಣಿಕಟ್ಟು ನೋಯುತ್ತಿತ್ತು. ಊರಿನವರು ‘ಗೇರಿನ ವೈನಿ’ ಅಂತ ಹೆಸರಿಟ್ಟು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಸುಳ್ಳೇಕೆ ಹೇಳಲಿ, ಒಳಗೊಳಗೇ ಹೆಮ್ಮೆಯೂ ಇತ್ತು.

ಆಮೇಲೆ ಬರ ಬಿತ್ತು. ಒಂದು ವರ್ಷ ತೊಗರಿ ಹೂವಿನಲ್ಲೇ ಒಣಗಿತು, ಮರುವರ್ಷ ಬಿತ್ತಿದ್ದು ಮೇಲೆಯೇ ಏಳಲಿಲ್ಲ. ಗುಳೆ ಹೊರಟವರನ್ನು ಹೈದರಾಬಾದಿನ ರೈಲಿಗೆ ಮುಟ್ಟಿಸಿದ್ದು ನಮ್ಮ ಜೀಪೇ. ಕೊಡ, ಹಾಸಿಗೆ ಸುರುಳಿ, ರೊಟ್ಟಿ ಹಂಚು, ನಿದ್ದೆಗಣ್ಣಿನ ಕೂಸುಗಳು. ಹೋಗುವಾಗ ಕಾಲಿಡಲು ಜಾಗವಿಲ್ಲ, ಬರುವಾಗ ನಾವಿಬ್ಬರೇ. ಕೊನೆಗೆ ಹೋಗುವವರೂ ಮುಗಿದರು.

ಒಂದು ದಿನ ಮನೆಯವರು ಅಂದರು: ‘ನಾವೂ ಹೋಗೂಣ. ಗಾಡಿ ಗುಜರಿಗೆ ಹಾಕೂಣ. ಇಂಥ ಗೇರಬಾಕ್ಸಿನ ಗಾಡಿ ಮತ್ಯಾರು ತಗೋತಾರ?’

‘ನಾ ಬರಂಗಿಲ್ಲ. ಗಾಡಿನೂ ಕೊಡಂಗಿಲ್ಲ.’

‘ಇಲ್ಲಿ ಕೂತು ಏನ್ ಮಾಡ್ತಿ?’

‘ಹೋದವ್ರು ಮಳಿ ಬಿದ್ದ ಮ್ಯಾಲ ವಾಪಸ್ ಬರ್ತಾರಲ್ರಿ? ಸ್ಟೇಷನ್ನಿನ್ಯಾಗ ಇಳದವ್ರನ್ನ ಊರಿಗೆ ಯಾರು ತರ್ತಾರ?’

ಅವರು ನಕ್ಕರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ, ಹಾಗಿತ್ತು ನಮ್ಮ ಸಂಸಾರ. ಮೊದಲು ತಾವು ಹೋಗಿ ಕೆಲಸ, ಖೋಲಿ ನೋಡುವುದು, ಹೋಳಿ ಹಬ್ಬಕ್ಕೆ ಬಂದು ಗಾಡಿ ಮಾರಿ ನನ್ನನ್ನು ಕರೆದೊಯ್ಯುವುದು ಅಂತ ತಾವೇ ತೀರ್ಮಾನ ಮಾಡಿ ರೈಲು ಹತ್ತಿದರು. ಗುಜರಿಯವನಿಗೆ ಆಗಲೇ ಮಾತು ಕೊಟ್ಟಾಗಿತ್ತು. ಹೋಳಿಯೊಳಗೆ ಗೇರು ನಿಲ್ಲದಿದ್ದರೆ ಜೀಪೂ ಹೋಗುತ್ತದೆ, ಅದರ ಹಿಂದೆ ನಾನೂ ಹೋಗಬೇಕು.

ಗಾಡಿ ಓಡಿಸಲು ನನಗೆ ಬರುತ್ತಿತ್ತು. ಕೆರೆ ಬತ್ತಿದ ಮೇಲೆ ಅದರ ಅಂಗಳದಲ್ಲಿ ಮನೆಯವರೇ ತಮಾಷೆಗೆ ಕಲಿಸಿದ್ದರು. ಆ ಬರದಿಂದ ನನಗೆ ಸಿಕ್ಕ ಲಾಭ ಅದೊಂದೇ.

ಮೊದಲು ಔರಾದಕ್ಕೆ ಹೋದೆ. ಅಲ್ಲಿಯ ಮೆಕ್ಯಾನಿಕ್ ಗಾಡಿಯ ಕಡೆ ನೋಡದೆ, ‘ಮನಿಯವ್ರಿಗಿ ಕಳಸ್ರಿ,’ ಅಂದ. ‘ಗಾಡಿ ಕೆಟ್ಟದ, ಮನಿಯವ್ರು ಕೆಟ್ಟಿಲ್ಲ,’ ಅಂದು ಅಲ್ಲಿಂದಲೇ ಬೀದರಕ್ಕೆ ತಿರುಗಿಸಿದೆ. ಒಂದು ಕೈ ಸ್ಟೇರಿಂಗಿಗೆ, ಒಂದು ಕೈ ಗೇರಿಗೆ. ದಾರಿಯಲ್ಲಿ ಚಹಾದ ಅಂಗಡಿಯ ಗಂಡಸರು ಎದ್ದು ನಿಂತು ನೋಡಿದರು. ನೋಡಿದರೆ ನೋಡಲಿ, ಅವರ ಕಣ್ಣು ಅವರದು.

ಬೀದರದಲ್ಲಿ ಕೋಟೆಯ ಕಡೆ ಹೋಗುವ ಗಲ್ಲಿಯೊಂದರಲ್ಲಿ ಒಬ್ಬ ಮಿಸ್ತ್ರಿ ಇದ್ದರು. ವಯಸ್ಸಾದವರು, ಬಾಯಿ ಜೋರು. ‘ಗೇರಿಂದು ಪೂರಾ ಡಬ್ಬಾ ಇಳಸಬೇಕ್ ಬೆಹನ್, ಗೇರೆಲ್ಲ ಬದಲಿ,’ ಅಂದರು.

‘ಗೇರ್ ಹಾಕಾಗ ಕರಕರ ಅನ್ನಂಗಿಲ್ರಿ, ಹಲ್ಲು ಛಲೋ ಅವ. ಹಾರೂಕಿನ ಮೊದ್ಲ ಕಡ್ಡಿ ಸಣ್ಣಗ ನಡಗ್ತದ, ಅಷ್ಟೇ. ಮ್ಯಾಲಿನ ಮುಚ್ಚಳ ಒಂದು ಬಿಚ್ಚಿ ನೋಡ್ರಿ.’

‘ನೀವೇ ಮಿಸ್ತ್ರಿ ಇದ್ರ ನಾ ಯಾಕ?’

‘ಪಾನಾ ನಿಮ್ಮ ಕೈಯಾಗ ಅದ, ಅದಕ್ಕ.’

ಗೊಣಗುತ್ತಲೇ ಪಾನಾ ಹಾಕಿ ಮುಚ್ಚಳದ ಬೋಲ್ಟು ಬಿಚ್ಚಿದರು. ಹಾಕಿದ ಗೇರು ಹಾಕಿದಲ್ಲೇ ಕೂರಲೆಂದು ಮುಚ್ಚಳದೊಳಗೆ ಉಕ್ಕಿನ ಸಣ್ಣ ಗೋಲಿ ಇರುತ್ತದೆ, ಅದನ್ನು ಒತ್ತಿ ಹಿಡಿಯಲು ಒಂದು ಸ್ಪ್ರಿಂಗು. ನಮ್ಮ ಸ್ಪ್ರಿಂಗು ಕುಗ್ಗಿ ಕುಳ್ಳಾಗಿತ್ತು. ನನ್ನ ಮಾತು ನಿಜವಾಯಿತೆಂದು ನಾನು ಇನ್ನೂ ಹಿಗ್ಗುತ್ತಿರುವಾಗಲೇ ಅವರು ಒಳಗಿನಿಂದ ಇನ್ನೊಂದು ಸಾಮಾನು ತೆಗೆದು ಬೆಳಕಿಗೆ ಹಿಡಿದರು. ಗೇರನ್ನು ತಳ್ಳುವ ಕವಲು ಅದು. ಅದರ ಒಂದು ಮಗ್ಗುಲು ಸವೆದು ತೆಳ್ಳಗಾಗಿತ್ತು.

‘ಗೇರ್ ಹಿಡಕೊಂಡು ಯಾರ್ ಕೂಡ್ತಿದ್ರು?’

‘ನಾನು.’

‘ಹಿಡದ್ ಹಿಡದೇ ಇದನ್ನ ತಿಂದೀರಿ. ಸ್ಪ್ರಿಂಗಿಂದು ಸಣ್ಣ ಬ್ಯಾನಿ. ಅದಕ್ಕ ದವಾ ಮಾಡೂದ್ ಬಿಟ್ಟು ಕುತ್ತಿಗಿ ಹಿಡದು ಕೂತೀರಿ.’

ಸಿಟ್ಟು ನೆತ್ತಿಗೇರಿತು. ಅವರ ಮೇಲಲ್ಲ. ನನ್ನ ಕೈಯ ಜಡ್ಡು, ಮಣಿಕಟ್ಟಿನ ನೋವು, ಊರು ಇಟ್ಟ ಹೆಸರು, ಎಲ್ಲ ಒಂದು ಗಳಿಗೆಯಲ್ಲಿ ಕಣ್ಣ ಮುಂದೆ ಬಂದವು. ಇಷ್ಟೂ ವರ್ಷ ಗಾಡಿ ಉಳಿಸುತ್ತಿದ್ದೇನೆ ಅಂದುಕೊಂಡಿದ್ದೆ. ಒಂದು ಸ್ಪ್ರಿಂಗು ಹಾಕಿಸುವ ಬದಲು ಒಬ್ಬ ಹೆಂಡತಿಯನ್ನು ಕೂಡಿಸಿದ್ದರು, ನಾನೂ ಕೂತಿದ್ದೆ. ಇನ್ನು ಕೂಡುವುದಿಲ್ಲ ಅಂತ ಅಲ್ಲಿಯೇ ನಿಶ್ಚಯಿಸಿದೆ.

ಮಿಸ್ತ್ರಿ ಕವಲಿಗೆ ಹಿತ್ತಾಳೆ ತುಂಬಿಸಿ ಅರದಿಂದ ಉಜ್ಜಿ ಸಮ ಮಾಡಿದರು. ಹೊಸ ಗೋಲಿ, ಹೊಸ ಸ್ಪ್ರಿಂಗು ಕೂರಿಸಿದರು. ಬಿಚ್ಚಿದ ಸಾಮಾನನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದವಳು ನಾನು. ಹಳೆಯ ಗೇರ್ ಎಣ್ಣೆ ಕಾಕಂಬಿಯ ಹಾಗೆ ಇಳಿಯಿತು. ಹೊಸದನ್ನು ಹಾಕಿ, ‘ಗೇರ್ ಹಾಕ್ರಿ, ಕೈ ತಗೀರಿ. ಅದರ ಮ್ಯಾಲ ಕೈ ಇಟ್ಕೊಂಡ್ ಕೂಡ್ಬ್ಯಾಡ್ರಿ,’ ಅಂದರು. ಅಂದಿನಿಂದ ಊರಲ್ಲಿ ಉಳಿದವರು ಸಂತೆಗೋ ಆಸ್ಪತ್ರೆಗೋ ಹೊರಟು ಮುಂದಿನ ಸೀಟಿನಲ್ಲಿ ಯಾರೇ ಕೂರಲಿ, ರೂಢಿಯಂತೆ ಕಡ್ಡಿಗೆ ಕೈ ಹಾಕಿದರೆ ಪಟ್ಟಂತ ಹೊಡೆಯುತ್ತಿದ್ದೆ.

ಹೋಳಿಯ ಮುಂಚೆ ಮನೆಯವರು ಬಂದರು. ಭಾಲ್ಕಿ ಸ್ಟೇಷನ್ನಿನ ಹೊರಗೆ ನಾನು ಗಾಡಿ ತಂದು ನಿಂತಿದ್ದೆ. ಅವರು ಅಭ್ಯಾಸದಂತೆ ಸ್ಟೇರಿಂಗಿನ ಕಡೆ ಬಂದರು, ನಾನು ಇಳಿಯಲಿಲ್ಲ. ಸುತ್ತ ಮಂದಿ ನೋಡುತ್ತಿದ್ದರು. ಅವರು ಗಾಡಿ ಸುತ್ತಿ ಬಂದು ಆಚೆ ಬದಿಗೆ, ನನ್ನ ಹಳೆಯ ಸೀಟಿನಲ್ಲಿ ಕೂತರು.

ಊರ ಹತ್ತಿರದ ಇಳಿಜಾರು ಬಂತು. ಮೂರನೇ ಗೇರು ಹಾಕಿದೆ. ಅವರ ಕೈ ತಾನಾಗಿಯೇ ಕಡ್ಡಿಗೆ ಬಂತು.

‘ಕೈ ತಗೀರಿ.’

‘ಬಿಟ್ರ ಹಾರ್ತದ!’

‘ಹಾರಂಗಿಲ್ಲ. ಹಿಡದ್ರ ಕೆಡ್ತದ.’

ಅವರು ಕೈ ತೆಗೆದರು. ನಾನು ಎಕ್ಸಲೇಟರಿನಿಂದ ಕಾಲು ತೆಗೆದೆ. ಇಬ್ಬರೂ ಆ ಕಡ್ಡಿಯನ್ನೇ ನೋಡುತ್ತಿದ್ದೆವು. ಇಳಿಜಾರು ಮುಗಿಯುವವರೆಗೂ ಅದು ಅಲುಗಾಡಲಿಲ್ಲ.

ಮನೆ ಮುಂದೆ ಗುಜರಿಯವನು ಕಾಯುತ್ತಿದ್ದ, ಕೈಯೆತ್ತಿದ. ನಾನು ನಿಲ್ಲಿಸಲಿಲ್ಲ. ಅದೇ ಗೇರಿನಲ್ಲಿ ಅವನನ್ನೂ ಮನೆಯನ್ನೂ ದಾಟಿ ಮುಂದೆ ಹೋದೆ. ಮನೆಯವರು ‘ನಿಲ್ಸು, ನಿಲ್ಸು’ ಅನ್ನುತ್ತಲೇ ಇದ್ದರು, ಕೈ ಮಾತ್ರ ತೊಡೆಯ ಮೇಲಿಂದ ಎತ್ತಲಿಲ್ಲ.