ಮಗ ಕನ್ನಡ ಮಾತಾಡಿದ ಭಾನುವಾರ

ಎರಡು ವರ್ಷದ ಹಿಂದಿನ ಮಾತು. ಪೊಂಗಲ್ ಕಳೆದು ಬಂದ ಮೊದಲ ಭಾನುವಾರ. ಬೆಳಿಗ್ಗೆ ಏಳಕ್ಕೆ ನನ್ನ ಮಗ ಪ್ರಣವನ ಕಾಲೇಜು ತಂಡಕ್ಕೆ ಆ ಸೀಸನ್ನಿನ ನಾಲ್ಕನೇ ಮ್ಯಾಚು ಇತ್ತು. ಗೆದ್ದರೆ ಮುಂದಿನ ಭಾನುವಾರ ಫೈನಲ್. ಆಟ ಅಮೆರಿಕನ್ ಫುಟ್‌ಬಾಲ್. ಹೆಸರಷ್ಟೇ ಫುಟ್‌ಬಾಲ್, ಕಾಲಿಗೆ ಓಡುವುದು ಬಿಟ್ಟರೆ ಅದರಲ್ಲಿ ಹೆಚ್ಚು ಕೆಲಸವಿಲ್ಲ. ಸಿಪ್ಪೆ ಸುಲಿದ ತೆಂಗಿನಕಾಯಿಯಂಥ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಒಬ್ಬ ಓಡುತ್ತಾನೆ, ಎದುರು ತಂಡದವರು ಅವನ ಮೈಮೇಲೆ ಬಿದ್ದು ಕೆಡವುತ್ತಾರೆ. ನಮ್ಮವನದು ಕೆಡವುವ ಕೆಲಸ.

ನಾವು ತುಮಕೂರು ಕಡೆಯವರು. ನಮ್ಮ ಯಜಮಾನರಿಗೆ ಎಗ್ಮೋರ್‌ನಲ್ಲಿ ರೈಲ್ವೆ ಕೆಲಸ, ನನಗೆ ಇನ್ಷೂರೆನ್ಸ್ ಆಫೀಸು, ಮನೆ ಅಣ್ಣಾ ನಗರ್. ಪ್ರಣವ್ ಹುಟ್ಟಿದ್ದು, ಓದಿದ್ದು ಎಲ್ಲ ಚೆನ್ನೈಯಲ್ಲೇ. ನಾಲ್ಕು ವರ್ಷದವನಾಗುವ ತನಕ ಅವನ ಅಜ್ಜಿಯ, ಅಂದರೆ ನಮ್ಮತ್ತೆಯ, ತೊಡೆಯ ಮೇಲೆ ಕೂತು ಅರಳು ಹುರಿದ ಹಾಗೆ ಕನ್ನಡ ಮಾತಾಡುತ್ತಿದ್ದ. ಸ್ಕೂಲಿಗೆ ಹಾಕಿದ ಮೇಲೆ ಅದು ನಿಂತೇಹೋಯಿತು. ನಾನು ಕನ್ನಡದಲ್ಲಿ ಕೇಳುವುದು, ಅವನು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುವುದು. ಬೈದರೆ, "ಪುರಿಯುದುಮ್ಮಾ, ಪೇಸ ವರಲೆ" ಅನ್ನುತ್ತಿದ್ದ. ಅರ್ಥವಾಗುತ್ತದೆ, ಮಾತಾಡಲು ಬರುವುದಿಲ್ಲ ಅಂತ. ಕನ್ನಡದಲ್ಲಿ ಕೇಳದಿದ್ದರೆ ದೋಸೆ ಹಾಕುವುದಿಲ್ಲ ಎಂದು ಕೂಡ ಹೆದರಿಸಿ ನೋಡಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಊರಿಂದ ಬಂದ ನನ್ನ ತಂಗಿಗೆ ಅವನು ಚಿಕ್ಕಮ್ಮ ಅನ್ನದೆ ತಮಿಳಿನಲ್ಲಿ "ಹಾಯ್ ಸಿತ್ತಿ" ಅಂದಾಗ ನನಗೆ ಆದ ಅವಮಾನ ಅಷ್ಟಿಷ್ಟಲ್ಲ. ಮಗನಿಗೆ ತಾಯಿನುಡಿ ಕಲಿಸಲಾರದವಳು ಎಂದು ನನ್ನ ಮೇಲೆಯೇ ನನಗೆ ಕೋಪ.

ಆಟದ ವಿಷಯಕ್ಕೆ ಬರುತ್ತೇನೆ. ಮೊದಲ ಮ್ಯಾಚು ಸೋತರು. ಎರಡನೆಯದು ಗೆದ್ದರು, ಆದರೆ ಅವತ್ತು ಅವನು ಬನಿಯನ್ ಬಿಚ್ಚಿದಾಗ ಬೆನ್ನ ಮೇಲೆ ಅಂಗೈ ಅಗಲ ನೀಲಿಗಟ್ಟಿತ್ತು. ಮೂರನೆಯದೂ ಗೆದ್ದರು, ಅದರಲ್ಲಿ ಅವನ ಜೊತೆಯ ಹುಡುಗನ ಹೆಗಲ ಮೂಳೆ ಮುರಿಯಿತು. ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ಬಿಟ್ಟುಬಿಡೋ ಎಂದು ಅವನ ಕಾಲು ಹಿಡಿಯುವುದೊಂದು ಬಾಕಿ ಇತ್ತು. ಉಳಿದಿರುವುದೇ ಹದಿನಾರು ಜನ, ನಾನು ಬಿಟ್ಟರೆ ತಂಡವೇ ಇರುವುದಿಲ್ಲ ಎಂಬುದು ಅವನ ವಾದ. ಆ ಹದಿನಾರು ಜನಕ್ಕೆ ಹೆಲ್ಮೆಟ್ಟು ಹನ್ನೆರಡು. ಆಟದಿಂದ ಹೊರಗೆ ಬಂದವನು ಬಿಚ್ಚಿ ಒಳಗೆ ಹೋಗುವವನಿಗೆ ಕೊಡಬೇಕು. ಯಾರ ತಲೆ ಎಷ್ಟು ದಪ್ಪ ಎಂದು ನೋಡುವಷ್ಟು ಪುರುಸೊತ್ತು ಯಾರಿಗಿದೆ? ಹಾಗಾಗಿ ನಾಲ್ಕನೇ ಮ್ಯಾಚಿಗೆ ನಾನೇ ಹೊರಟೆ. ಕಣ್ಣೆದುರಿಗಾದರೂ ಇರಲಿ ಅಂತ. ಯಜಮಾನರಿಗೆ ಅವತ್ತು ಡ್ಯೂಟಿ ಇತ್ತು.

ಮ್ಯಾಚು ಮುಗಿಯಲು ಸ್ವಲ್ಪ ಹೊತ್ತಿದೆ ಅನ್ನುವಾಗ ಅದು ಆಯಿತು. ಎದುರು ತಂಡದ ದಪ್ಪನೆ ಹುಡುಗನೊಬ್ಬ ಚೆಂಡು ಹಿಡಿದು ಓಡಿ ಬಂದ. ಪ್ರಣವ್ ಅವನಿಗೆ ಅಡ್ಡ ಹೋದ. ಇಬ್ಬರ ತಲೆಯೂ ಡಿಕ್ಕಿ ಹೊಡೆದ ಸದ್ದು ನಾನು ಕೂತ ಕಡೆಗೂ ಕೇಳಿಸಿತು. ಹೆಲ್ಮೆಟ್ಟು ಕಳಚಿ ಅತ್ತ ಉರುಳಿತು, ಮಗ ಇತ್ತ ಅಂಗಾತ ಬಿದ್ದ. ನಾನು ಎದ್ದು ಮೈದಾನದ ಅಂಚಿನ ತನಕ ಓಡಿದೆ. ಸ್ವಲ್ಪ ಹೊತ್ತಿಗೆ ಅವನೇ ಎದ್ದು ಕೂತ. ಕೋಚ್ ಬೆರಳು ತೋರಿಸಿ ಎಷ್ಟು ಎಂದು ಕೇಳಿದರು, ಸ್ಕೋರ್ ಕೇಳಿದರು. ಎಲ್ಲಕ್ಕೂ ಸರಿಯಾಗಿ ಹೇಳಿದನಂತೆ. ಆದರೂ ಮತ್ತೆ ಆಡಲು ಬಿಡದೆ ಹೊರಗೆ ಕೂರಿಸಿದರು.

"ಒಣ್ಣುಮಿಲ್ಲೆ ಮೇಡಂ, ಭಯಪಡಾದೀಂಗ" ಎಂದು ನನಗೂ ಸಮಾಧಾನ ಹೇಳಿದರು, ಏನೂ ಆಗಿಲ್ಲ, ಹೆದರಬೇಡಿ ಅಂತ. ಆಮೇಲೆ ಒಂದು ಮಾತು ಸೇರಿಸಿದರು: ತಲೆನೋವು, ವಾಂತಿ ಬಂದರೆ, ಅಥವಾ ಹುಡುಗ ಯಾವತ್ತಿನ ಹಾಗಿಲ್ಲ ಅನ್ನಿಸಿದರೆ ಒಂದು ನಿಮಿಷ ಕೂಡ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅದು ಗೊತ್ತಾಗುವುದು ಮನೆಯವರಿಗೇ. ನಾನು ತಲೆಯಾಡಿಸಿದೆ. ಅಷ್ಟರಲ್ಲಿ ಮ್ಯಾಚು ಗೆದ್ದು ಹುಡುಗರು ಕುಣಿಯತೊಡಗಿದರು.

ಆಟೋ ಕೋಯಂಬೇಡು ಮಾರ್ಕೆಟ್ಟಿನ ಹತ್ತಿರ ಬಂದಾಗ ಗಂಟೆ ಹನ್ನೊಂದು. ಹಬ್ಬಕ್ಕೆ ತಂದು ಮಾರಾಟವಾಗದೆ ಉಳಿದ ಕಬ್ಬು ರಸ್ತೆ ಪಕ್ಕ ರಾಶಿ ಬಿದ್ದಿತ್ತು.

"ಅಮ್ಮಾ, ನಂಗೆ ಕಬ್ಬು ಬೇಕು."

ನಾನು ಬೆಚ್ಚಿ ತಿರುಗಿದೆ. ಹೇಳಿದ್ದು ಪ್ರಣವನೇ. "ಏನಂದೆ?" ಅಂದೆ.

"ಕಬ್ಬು ಕೊಡ್ಸಮ್ಮಾ. ಸಣ್ಣುಕ್ಕೆ ಕತ್ರಿಸ್ಕೊಡಕ್ಕೇಳು."

ಹದಿನೈದು ವರ್ಷ! ನನ್ನ ಕಣ್ಣಲ್ಲಿ ನೀರು ಬಂತು. ಕೂಡಲೇ ಆಟೋ ನಿಲ್ಲಿಸಿ ಒಂದು ಜಲ್ಲೆ ಕೊಂಡು, ಹೇಳಿದ ಹಾಗೇ ಸಣ್ಣಗೆ ಕತ್ತರಿಸಿ ಕೊಡಿಸಿದೆ. ಅದಕ್ಕೇ ಹತ್ತು ನಿಮಿಷ ಹೋಯಿತು. ಕಬ್ಬು ಜಗಿಯುತ್ತ ಅವನು ದಾರಿಯುದ್ದಕ್ಕೂ ಮಾತಾಡಿದ. ಆ ಬಸ್ಸು ಯಾಕಮ್ಮ ಅಷ್ಟು ದೊಡ್ಡದು, ಆ ಹಸು ಯಾರದು. ಹೆತ್ತವರಿಗೆ ಹೆಗ್ಗಣ ಮುದ್ದು, ನನಗೆ ಎಲ್ಲವೂ ಸಂಗೀತದ ಹಾಗೆ ಕೇಳಿಸಿತು. ಅಷ್ಟಕ್ಕೇ ಬಿಡಲಿಲ್ಲ ನಾನು. ತಂಗಿಗೆ ಫೋನ್ ಮಾಡಿ, "ಕೇಳೇ ಇವ್ನ್ ಮಾತ್ನ" ಎಂದು ಅವನ ಬಾಯಿಯ ಹತ್ತಿರ ಹಿಡಿದೆ.

ತಂಗಿ ಕೇಳಿಸಿಕೊಂಡು ನಕ್ಕಳು. "ಅಯ್ಯೋ ಅಕ್ಕಾ, ಥೇಟ್ ನಿಮ್ಮತ್ತೆ ಮಾತಾಡ್ದಂಗೈತಲ್ಲ!"

ಆ ಮಾತಿಗಾದರೂ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಒಳಗೆಲ್ಲೋ ಒಂದು ಕಡೆ ಚುಚ್ಚಿತು ಕೂಡ. ಇದು ಯಾವತ್ತಿನ ಪ್ರಣವ್ ಅಲ್ಲ ಎಂದು ನನಗೆ ಗೊತ್ತಾಗಿತ್ತು. ಆದರೆ ಆ ಸಂತೋಷವನ್ನು ಕೈಬಿಡಲು ಮನಸ್ಸಾಗಲಿಲ್ಲ. ಪೆಟ್ಟು ಬಿದ್ದು ಹೆದರಿದ ಮಗುವಿಗೆ ತಾಯಿಯ ಮಾತು ನೆನಪಾಗಿದೆ ಅಂತ ನನಗೆ ನಾನೇ ಹೇಳಿಕೊಂಡೆ.

ಮನೆಗೆ ಬಂದು ಅನ್ನ ಸಾರು ಬಡಿಸಿದೆ. ಅವನು ಕೈಯಿಟ್ಟವನು ಹಾಗೇ ನಿಲ್ಲಿಸಿದ.

"ಅಜ್ಜಿದು ಊಟ ಆಯ್ತಾ?"

"ಯಾವ ಅಜ್ಜಿಯೋ?"

"ನಮ್ಮಜ್ಜಿ. ಒಳಗ್ ಮಲ್ಗವ್ರಾ?"

ನಮ್ಮತ್ತೆ ತೀರಿಕೊಂಡು ಆರು ವರ್ಷವಾಗಿತ್ತು. ಅವರ ಅಂತ್ಯಕ್ರಿಯೆಯಲ್ಲಿ ಮೊಮ್ಮಗನಾಗಿ ತುಪ್ಪದ ದೀಪ ಹಿಡಿದವನೇ ಇವನು. ಸೌಟು ಕೆಳಗಿಟ್ಟು ಅವನ ಪಕ್ಕ ಕೂತೆ. ಎರಡೇ ನಿಮಿಷಕ್ಕೆ, ಹಿಂದೆ ಕೇಳಿಯೇ ಇಲ್ಲ ಎನ್ನುವ ಹಾಗೆ ಮತ್ತೆ ಕೇಳಿದ: "ಅಜ್ಜಿದು ಊಟ ಆಯ್ತಾ?"

ನಾನು ಅವನ ಎರಡೂ ಕೆನ್ನೆ ಹಿಡಿದುಕೊಂಡೆ. "ಪ್ರಣವ್, ತಮಿಳ್ನಲ್ಲಿ ಮಾತಾಡೋ. ಒಂದೇ ಒಂದು ಮಾತು, ತಮಿಳ್ನಲ್ಲಿ ಹೇಳೋ ಕಂದಾ" ಎಂದು ಬೇಡಿಕೊಂಡೆ. ಅವನು ನನ್ನನ್ನು ಸುಮ್ಮನೆ ನೋಡಿದ. ಆ ನೋಟ ನನ್ನ ಮಗನದಲ್ಲ, ನಾಲ್ಕು ವರ್ಷದ ಕೂಸಿನದು. ಮರುಕ್ಷಣ ತಿಂದ ಕಬ್ಬಿನ ರಸವನ್ನೆಲ್ಲ ತಟ್ಟೆಯ ಮೇಲೇ ಕಾರಿಕೊಂಡ.

ಆಂಬುಲೆನ್ಸಿಗೆ ಹೇಗೆ ಫೋನ್ ಮಾಡಿದೆ, ಅಕ್ಕಪಕ್ಕದವರು ಸೇರಿ ಮಹಡಿ ಹೇಗೆ ಇಳಿಸಿದೆವು, ನೆನಪಿಲ್ಲ. ನಾವು ಆಸ್ಪತ್ರೆ ಮುಟ್ಟಿದ ಸ್ವಲ್ಪ ಹೊತ್ತಿಗೆ ಯಜಮಾನರೂ ಎಗ್ಮೋರ್‌ನಿಂದ ಓಡಿ ಬಂದರು. ಪ್ರಣವನನ್ನು ಸ್ಕ್ಯಾನಿಗೆ ಒಳಗೆ ಕರೆದುಕೊಂಡು ಹೋದರು. ವಯಸ್ಸಾದ ಡಾಕ್ಟರಮ್ಮ ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು, ಹುಡುಗನಲ್ಲಿ ಬದಲಾವಣೆ ಮೊದಲು ಕಂಡದ್ದು ಎಷ್ಟು ಹೊತ್ತಿಗೆ, ಸರಿಯಾಗಿ ಹೇಳಿ ಎಂದು ತಮಿಳಿನಲ್ಲಿ ಕೇಳಿದರು.

"ಹನ್ನೆರಡು ಗಂಟೆಗೆ. ಊಟಕ್ಕೆ ಕೂತಾಗ" ಎಂದು ಯಜಮಾನರು ಹೇಳಿದರು. ನಾನು ಫೋನಿನಲ್ಲಿ ಅವರಿಗೆ ಹೇಳಿದ್ದು ಅಷ್ಟೇ.

ಸುಮ್ಮನಿರಬಹುದಿತ್ತು. ಆದರೆ ಆ ಒಂದು ಗಂಟೆಯ ಮೇಲೆ ಮಗನ ಜೀವ ನಿಂತಿದ್ದರೆ? "ಇಲ್ಲ, ಹನ್ನೊಂದಕ್ಕೇ" ಅಂದೆ.

"ಹನ್ನೊಂದಕ್ಕೆ ಏನಾಯಿತು?"

"ಕನ್ನಡದಲ್ಲಿ ಮಾತಾಡಿದ."

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನಿಮ್ಮ ಮನೆಮಾತು ಅದೇ ತಾನೇ, ಅದರಲ್ಲಿ ವಿಚಿತ್ರವೇನು ಎಂದರು. ಯಜಮಾನರಿಗೆ ಮಾತ್ರ ಅರ್ಥವಾಯಿತು. ನನ್ನ ಕಡೆ ತಿರುಗಿ, "ಗೊತ್ತಾದ್ಮೇಲೂ ಮನೆಗ್ ಕರ್ಕೊಂಡ್ ಹೋದ್ಯಾ?" ಎಂದಷ್ಟೇ ಕೇಳಿದರು.

ಸ್ಕ್ಯಾನ್ ನೋಡಿ ಬಂದ ಡಾಕ್ಟರಮ್ಮ, ತಲೆಯೊಳಗೆ ಸ್ವಲ್ಪ ರಕ್ತಸ್ರಾವವಾಗಿದೆ, ಅದು ಹೆಚ್ಚಾದರೆ ಆಪರೇಷನ್, ಹೆಚ್ಚದಿದ್ದರೆ ತಾನೇ ಕರಗುತ್ತದೆ, ನಾಳೆ ಇನ್ನೊಂದು ಸ್ಕ್ಯಾನ್ ಮಾಡೋಣ ಎಂದರು. ಅಲ್ಲಿಂದ ಮರುದಿನದ ತನಕ ನಾನು ಪಟ್ಟ ಪಾಡನ್ನು ಬರೆಯುವ ಶಕ್ತಿ ನನಗಿಲ್ಲ. ಗಂಟೆಗೊಮ್ಮೆ ನರ್ಸ್ ಬಂದು ಅವನನ್ನು ಎಬ್ಬಿಸಿ ಹೆಸರು ಕೇಳುತ್ತಿದ್ದಳು. ಅವನು ಪ್ರತಿ ಸಲವೂ "ಪುಟ್ಟ" ಅನ್ನುತ್ತಿದ್ದ. ನಮ್ಮತ್ತೆ ಅವನನ್ನು ಕರೆಯುತ್ತಿದ್ದ ಹೆಸರು ಅದು. ನಾನು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತು, ದೇವರೇ ನನಗೆ ಕನ್ನಡ ಬೇಡ, ಏನೂ ಬೇಡ, ಅವನನ್ನು ಹೇಗಿದ್ದನೋ ಹಾಗೆ ಕೊಡು ಎಂದು ಕೈಮುಗಿಯುತ್ತಿದ್ದೆ.

ಬೆಳಕು ಹರಿದ ಮೇಲೆ ನರ್ಸ್ ಮತ್ತೆ ಬಂದು ಕೇಳಿದಳು. ಒಳಗಿನಿಂದ ಸಿಡುಕಿನ ದನಿ ಬಂತು: "ಪ್ರಣವ್, ಸಿಸ್ಟರ್. ಎತ್ತನೆ ತಡವ ಕೇಪ್ಪೀಂಗ?"

ಎಷ್ಟು ಸಲ ಕೇಳುತ್ತೀರಿ ಅಂತ. ಯಜಮಾನರು ನನ್ನ ಭುಜ ಹಿಡಿದು, "ಬಂದ ಕಣೇ" ಅಂದರು. ನಾನು ಮುಖಕ್ಕೆ ಸೆರಗು ಒತ್ತಿಕೊಂಡು ಅತ್ತುಬಿಟ್ಟೆ.

ಎರಡನೇ ಸ್ಕ್ಯಾನಿನಲ್ಲಿ ಸ್ರಾವ ಹೆಚ್ಚಿರಲಿಲ್ಲ. ವಾರ ಕಳೆದು ಮನೆಗೆ ಕಳಿಸಿದರು. ಫೈನಲ್ಲಿಗೆ ಹದಿನೈದೇ ಜನ ಹೋಗಿ ಸೋತು ಬಂದರಂತೆ. ಪ್ರಣವ್ ಮತ್ತೆ ಆಡಲಿಲ್ಲ.

ಆ ಭಾನುವಾರದ ಒಂದು ಚೂರೂ ಅವನಿಗೆ ನೆನಪಿಲ್ಲ. ಕನ್ನಡ ಮಾತಾಡಿದನೆಂದು ಚಿಕ್ಕಮ್ಮನ ಬಾಯಲ್ಲಿ ಕೇಳಿ ಅವನಿಗೆ ಬಲು ತಮಾಷೆ. ಅವತ್ತು ಆಟೋದಲ್ಲಿ ಅವನ ತಾಯಿ ಎಷ್ಟು ಸಂತೋಷಪಟ್ಟಳು ಎಂಬುದನ್ನು ಮಾತ್ರ ಯಾರೂ ಅವನಿಗೆ ಹೇಳಿಲ್ಲ. ನಾನೂ ಹೇಳಿಲ್ಲ. ಈಚೆಗೆ ನನ್ನನ್ನು ಖುಷಿಪಡಿಸಲೆಂದು ಬೇಕೆಂದೇ ಕಲಿತು, ಅಡುಗೆಮನೆ ಬಾಗಿಲಲ್ಲಿ ನಿಂತು, "ಅಮ್ಮಾ, ಕಾಫಿ ಕೊಡ್ತೀಯಾ?" ಅನ್ನುತ್ತಾನೆ. ಆ ಒಂದು ಮಾತಿಗೆ ಎಷ್ಟು ವರ್ಷ ಕಾದವಳು ನಾನು! ಈಗ ಅದು ಕಿವಿಗೆ ಬಿದ್ದ ಕೂಡಲೇ ಒಲೆ ಆರಿಸಿ, ಹತ್ತಿರ ಹೋಗಿ, ಮೊದಲು ಅವನ ಕಣ್ಣು ನೋಡುತ್ತೇನೆ.