ಸೋಪಿನ ಡಬ್ಬಿಯೊಳಗಿನ ಎರಡು ಟ್ರಾನ್ಸಿಸ್ಟರ್

ಹುಮನಾಬಾದಿನ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ನಾನು ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಮನೆ ಇರುವುದು ಬಸವಕಲ್ಯಾಣದಲ್ಲಿ. ಬೆಳಿಗ್ಗೆ ರೊಟ್ಟಿ ಬಡಿದು, ಡಬ್ಬಿ ಕಟ್ಟಿಕೊಂಡು ಬಸ್ ಹತ್ತಿದರೆ ಮತ್ತೆ ಮನೆ ಕಾಣುವುದು ಸಂಜೆಗೆ. ಅಷ್ಟರಲ್ಲಿ ಗಂಟಲಿನಲ್ಲಿ ದನಿ ಉಳಿದಿರುವುದಿಲ್ಲ. ನಮ್ಮ ತರಗತಿಯ ಮೇಲೆ ತಗಡಿನ ಮಾಡು, ಕಿಟಕಿಯ ಆಚೆ ಲಾರಿಗಳ ಓಡಾಟ, ಒಳಗೆ ಕಿರುಗುಟ್ಟುವ ಫ್ಯಾನು. ಕೊನೆಯ ಬೆಂಚಿನ ತನಕ ಮಾತು ಮುಟ್ಟಬೇಕೆಂದರೆ ಕೂಗಲೇಬೇಕು. ವರ್ಷಗಟ್ಟಲೆ ಕೂಗಿದ್ದೇನೆ.

ಮನೆಗೆ ಬಂದಮೇಲೆ ಇನ್ನೊಂದು ಪಾಳಿ. ಅತ್ತೆಗೆ ಎರಡೂ ಕಿವಿ ಮಂದ. ಒಮ್ಮೆಲೇ ಆದದ್ದಲ್ಲ, ವರ್ಷವರ್ಷಕ್ಕೆ ಸ್ವಲ್ಪಸ್ವಲ್ಪವಾಗಿ ಕೇಳಿಸದಂತಾಯಿತು. ನನ್ನ ಮನೆಯವರು ಪೇಟೆಯ ಬಟ್ಟೆ ಅಂಗಡಿ ಮುಚ್ಚಿ ಬರುವ ತನಕ ನಾವಿಬ್ಬರೇ. ಚಹಾ ಬೇಕೇ ಎಂದು ಮೂರು ಸಲ ಕೂಗಬೇಕು. ಮೂರನೆಯ ಸಲಕ್ಕೆ ಅವರು, "ಯಾಕ ಸಿಟ್ಟಿಗೇಳಾಕತ್ತೀದಿ?" ಎನ್ನುತ್ತಿದ್ದರು. ಸಿಟ್ಟಿಲ್ಲ ಎನ್ನುವುದನ್ನೂ ಕೂಗಿಯೇ ಹೇಳಬೇಕು. ಪಕ್ಕದ ಮನೆಯಾಕೆ ಒಮ್ಮೆ ಗೋಡೆಯಾಚೆಯಿಂದ, "ಇವತ್ತು ನಿಮ್ಮಲ್ಲಿ ಪುಂಡಿಪಲ್ಯ ಅಲ್ಲೇನ್ರಿ?" ಎಂದು ಕೇಳಿದಳು. ನಮ್ಮ ಅಡುಗೆ ಇಡೀ ಓಣಿಗೆ ಗೊತ್ತಾಗುತ್ತಿತ್ತು.

ಸರಕಾರಿ ಶಿಬಿರವೊಂದರಲ್ಲಿ ಅವರಿಗೆ ಕಿವಿಯ ಮಷೀನು ಕೊಟ್ಟಿದ್ದರು. ಒಂದು ವಾರ ಹಾಕಿಕೊಂಡು, "ಕಿವ್ಯಾಗ ಹುಳ ಹೊಕ್ಕಾಂಗ ಆಗ್ತದ" ಎಂದು ತೆಗೆದು ಟ್ರಂಕಿನಲ್ಲಿಟ್ಟರು. ಆಮೇಲೆ ಯಾರು ಹೇಳಿದರೂ ಮುಟ್ಟಲಿಲ್ಲ. ಘಾಟಬೋರಾಳದಲ್ಲಿರುವ ಅವರ ತಂಗಿ ಫೋನ್ ಮಾಡಿದರೆ ಮೊದಮೊದಲು ನಾನು ನಡುವೆ ನಿಂತು ಅತ್ತಲಿನ ಮಾತನ್ನು ಇತ್ತ ಕೂಗಿ ಹೇಳುತ್ತಿದ್ದೆ. ಬರಬರುತ್ತ ಅತ್ತೆಯೇ ಕೈಯಾಡಿಸಿ, "ಆರಾಮ ಅದೀನಿ ಅಂತ ಹೇಳು, ಸಾಕು" ಎನ್ನತೊಡಗಿದರು.

ಹೋದ ಚಳಿಗಾಲದಲ್ಲಿ ನನ್ನ ದನಿ ಪೂರಾ ಕಟ್ಟಿತು. ಹುಮನಾಬಾದಿನ ಕಿವಿ-ಗಂಟಲು ಡಾಕ್ಟರು ನಾಲಿಗೆ ಎಳೆದು ಹಿಡಿದು ಒಳಗೆ ನೋಡಿದರು. "ಗಂಟಲಾಗಿನ ದನಿಪಟ್ಟಿ ಮ್ಯಾಲ ಸಣ್ಣ ಗಂಟು ಆಗ್ಯಾವ. ಮೇಷ್ಟ್ರಿಗೆ ಬರೋದ ಇದು. ಮಾತು ಬಂದ್ ಮಾಡ್ರಿ" ಎಂದರು.

"ಎಷ್ಟು ದಿನ್ರಿ?" ಎಂದು ಪಿಸುಗುಟ್ಟಿದೆ.

"ಪಿಸುಮಾತೂ ಬ್ಯಾಡ. ಅದು ಇನ್ನೂ ಖರಾಬ್."

ಮನೆಗೆ ಬಂದು ಅತ್ತೆಗೆ ಇದನ್ನು ಹೇಗೆ ತಿಳಿಸುವುದು? ಅವರಿಗೆ ಓದಲು ಬಾರದು. ಗಂಟಲು ಮುಟ್ಟಿ ತೋರಿಸಿದೆ. ಶೀತವಾಗಿದೆ ಎಂದುಕೊಂಡು ಅರಿಶಿನ ಹಾಕಿದ ಹಾಲು ಕಾಯಿಸಿಕೊಟ್ಟರು.

ರಜೆ ಸಿಕ್ಕಿದ್ದು ಕಡಿಮೆ. ಮತ್ತೆ ಕಾಲೇಜಿಗೆ ಹೋದಾಗ ಪಾಠ ಟ್ರಾನ್ಸಿಸ್ಟರಿಗೆ ಬಂದಿತ್ತು. ಆ ಪಾಠ ನನಗೆ ಬಾಯಿಪಾಠ. ಮೂರು ಕಾಲು: ಎಮಿಟರ್, ಬೇಸ್, ಕಲೆಕ್ಟರ್. ಕಲೆಕ್ಟರಿನಿಂದ ಎಮಿಟರಿಗೆ ದೊಡ್ಡ ಕರೆಂಟು ಹರಿಯಬಲ್ಲದು, ಆದರೆ ನಡುವಿನ ತೆಳುವಾದ ಬೇಸಿನೊಳಕ್ಕೆ ಒಂದಿಷ್ಟು ಸಣ್ಣ ಕರೆಂಟು ಬರುವ ತನಕ ದಾರಿ ಮುಚ್ಚಿರುತ್ತದೆ. ಬೇಸಿನ ಕರೆಂಟು ಸ್ವಲ್ಪ ಏರಿದರೆ ಆ ದೊಡ್ಡ ಹರಿವು ಎಷ್ಟೋ ಪಟ್ಟು ಏರುತ್ತದೆ, ಇಳಿದರೆ ಅದೂ ಇಳಿಯುತ್ತದೆ. ಇದನ್ನು ಬೋರ್ಡಿನ ಮೇಲೆ ಬರೆದು, ಮೆಲ್ಲನೆ ಹೇಳಿ ಮುಗಿಸಿದೆ. ಮುಡಬಿಯಿಂದ ಬರುವ ಒಬ್ಬ ಹುಡುಗಿ ಎದ್ದು ನಿಂತಳು.

"ಮೇಡಂ, ಆ ಹೆಚ್ಚಿನ ಕರೆಂಟು ಎಲ್ಲಿಂದ ಬರ್ತದ್ರಿ? ಟ್ರಾನ್ಸಿಸ್ಟರೇ ಹುಟ್ಟಸ್ತದೇನು?"

"ಅದು ಏನೂ ಹುಟ್ಟಸಲ್ಲ. ಎಲ್ಲಾ ಬ್ಯಾಟರೀದು. ಇದು ಎಷ್ಟು ಬಿಡಬೇಕು ಅಂತ ನೋಡ್ಕೋತದ, ಅಷ್ಟೇ."

ಅವಳು ತಲೆಯಾಡಿಸಿ ಕೂತಳು. ಮರಳುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಿದ್ದಾಗ ಆ ಪ್ರಶ್ನೆ ನನ್ನ ಜೊತೆಯೇ ಬಂತು. ಮನೆಯಲ್ಲಿ ಒಬ್ಬರಿಗೆ ಕೇಳಿಸುತ್ತಿಲ್ಲ, ಇನ್ನೊಬ್ಬಳಿಗೆ ದನಿಯಿಲ್ಲ. ಕೂಗುವ ಕೆಲಸವನ್ನು ಬ್ಯಾಟರಿಗೆ ಯಾಕೆ ಒಪ್ಪಿಸಬಾರದು? ಇಷ್ಟು ವರ್ಷ ಅದನ್ನೇ ಕಲಿಸುತ್ತಿದ್ದರೂ ಮನೆಯೊಳಗಿನ ಕೆಲಸಕ್ಕೆ ಅದು ಬಂದೀತೆಂದು ಹೊಳೆದಿರಲಿಲ್ಲ. ಸಂಜೆ ಮನೆ ಮುಟ್ಟುವಷ್ಟರಲ್ಲಿ ಯೋಚಿಸುವ ತ್ರಾಣವೂ ಉಳಿದಿರುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಸಾಮಾನು ಹರಡಿಕೊಂಡೆ. ಒಂದು ಚಿಕ್ಕ ಮೈಕು, ಎರಡು ಟ್ರಾನ್ಸಿಸ್ಟರ್, ಕೆಲವು ರೆಸಿಸ್ಟರು, ಕೆಪಾಸಿಟರು, ಒಂಬತ್ತು ವೋಲ್ಟಿನ ಬ್ಯಾಟರಿ, ಪೇಟೆಯಿಂದ ತಂದ ಕಿವಿ ಪೂರಾ ಮುಚ್ಚುವ ಹೆಡ್‌ಫೋನು. ಮೊದಲ ಟ್ರಾನ್ಸಿಸ್ಟರು ಮೈಕಿನ ಕ್ಷೀಣ ದನಿಯನ್ನು ದೊಡ್ಡದು ಮಾಡಬೇಕು. ಎರಡನೆಯದು ಹೆಡ್‌ಫೋನು ಓಡುವಷ್ಟು ಕರೆಂಟು ಬಿಡಬೇಕು. ಅತ್ತೆ ಶೇಂಗಾ ಸುಲಿಯುತ್ತ ನನ್ನನ್ನೇ ನೋಡುತ್ತಿದ್ದರು.

ಬೆಸುಗೆ ಮುಗಿಸಿ, ಹೆಡ್‌ಫೋನ್ ನಾನೇ ಹಾಕಿಕೊಂಡು ಮೈಕಿನೆದುರು "ಒಂದು, ಎರಡು" ಎಂದೆ. ಹರಿದ ತಗಡು ಎಳೆದಂಥ ಸದ್ದು ಬಂತು. ಮಾತಿನ ಗುರುತೇ ಇಲ್ಲ. ಮೀಟರು ಹಚ್ಚಿ ನೋಡಿದೆ. ಬೇಸಿಗೆ ಬೇಕಾದದ್ದಕ್ಕಿಂತ ಬಹಳ ಹೆಚ್ಚು ಕರೆಂಟು ಹೋಗುತ್ತಿತ್ತು. ಟ್ರಾನ್ಸಿಸ್ಟರು ಆಗಲೇ ಪೂರ್ತಿ ತೆರೆದು ಕೂತಿತ್ತು. ಇನ್ನಷ್ಟು ತೆರೆಯಲು ಅದಕ್ಕೆ ಜಾಗವೇ ಇಲ್ಲದಿದ್ದರೆ ದನಿಯ ಏರು ಎಲ್ಲಿಗೆ ಹೋಗಬೇಕು? ಹಾಗೆಂದು ಪೂರ್ತಿ ಮುಚ್ಚಿಟ್ಟರೂ ನಡೆಯದು. ಬೇಸಿನಲ್ಲಿ ಅರ್ಧ ವೋಲ್ಟಿಗಿಂತ ತುಸು ಹೆಚ್ಚು ಇಲ್ಲದಿದ್ದರೆ ಅದು ಬಾಗಿಲು ತೆರೆಯುವುದೇ ಇಲ್ಲ, ಮೈಕಿನ ದನಿಯೋ ಅದರ ಒಂದು ಚೂರಿನಷ್ಟೂ ಇರುವುದಿಲ್ಲ. ಯಾರೂ ಮಾತಾಡದಿದ್ದಾಗಲೂ ಅದು ಅರ್ಧ ತೆರೆದುಕೊಂಡೇ ಕಾಯುತ್ತಿರಬೇಕು. ಆಗ ದನಿ ಏರಿದರೆ ಏರಲು, ಇಳಿದರೆ ಇಳಿಯಲು ಎರಡೂ ಕಡೆ ಜಾಗ ಸಿಗುತ್ತದೆ. ಹಾಗೆ ಕಾಯುವುದಕ್ಕೂ ಬ್ಯಾಟರಿ ಖರ್ಚಾಗುತ್ತದೆ. ಬೇಸಿನ ರೆಸಿಸ್ಟರನ್ನು ಬದಲಾಯಿಸುತ್ತ ಹೋದೆ. ಕಲೆಕ್ಟರಿನಲ್ಲಿ ಬ್ಯಾಟರಿಯ ಸುಮಾರು ಅರ್ಧ ವೋಲ್ಟೇಜು ನಿಂತಾಗ ಹೆಡ್‌ಫೋನಿನಲ್ಲಿ ಶೇಂಗಾ ಸಿಪ್ಪೆ ಒಡೆಯುವ ಸದ್ದು ಚಟ್ ಚಟ್ ಎಂದು ನನ್ನ ಕಿವಿಗೇ ಬಡಿಯಿತು.

ಸದ್ದು ಏರಿಳಿಸುವ ಗುಬ್ಬಿಯನ್ನು ಕೆಳಗಿಳಿಸಿ, ಎಲ್ಲವನ್ನೂ ಒಂದು ಸೋಪಿನ ಡಬ್ಬಿಯಲ್ಲಿ ಕೂರಿಸಿ, ಹೆಡ್‌ಫೋನನ್ನು ಅತ್ತೆಯ ಸೆರಗಿನ ಮೇಲಿಂದಲೇ ಹಾಕಿದೆ. ಗುಬ್ಬಿಯನ್ನು ಮೆಲ್ಲಗೆ ತಿರುವುತ್ತ ಡಬ್ಬಿಯನ್ನು ಬಾಯಿಯ ಹತ್ತಿರ ಹಿಡಿದು, ಕೂಗದೆ, ಸುಮ್ಮನೆ ಕೇಳಿದೆ:

"ಅತ್ತಿ, ಕೇಳಸ್ತದೇನ್ರಿ?"

ಶೇಂಗಾ ಸುಲಿಯುವ ಕೈ ನಿಂತಿತು. ನನ್ನ ಮುಖ ನೋಡಿದರು. ಆಮೇಲೆ ಹಿಂದೆ ತಿರುಗಿ ಬಾಗಿಲ ಕಡೆ ನೋಡಿದರು.

"ಯಾರು ಮಾತಾಡಾಕತ್ತಾರ?"

"ನಾನೇ ರೀ."

"ನೀನಾ?" ಎಂದು ಇನ್ನೊಮ್ಮೆ ನೋಡಿದರು. "ಇನ್ನೊಂದೀಟು ಮಾತಾಡು."

ನಾಳೆ ಬಸ್ಸು ಬೇಗ ಹಿಡಿಯಬೇಕು, ಹಿಟ್ಟು ಮುಗಿದಿದೆ, ಗಿರಣಿಗೆ ಜೋಳ ಕಳಿಸಬೇಕು ಎಂದೆಲ್ಲ ಹೇಳಿದೆ.

"ನಿನ್ನ ಆವಾಜ್ ಹಿಂಗ ಯಾವಾಗ ಆತು, ಯವ್ವಾ? ಗಂಡಸರ ದನಿ ಆದಂಗ ಆಗ್ಯದ. ಮದುವಿ ಆಗಿ ಬಂದಾಗ ಹಾಡ್ತಿದ್ದಿ ನೀನು, ನನಗ ನೆನಪದ."

"ಕೂಗಿ ಕೂಗಿ ಆಗ್ಯದ್ರಿ. ಡಾಕ್ಟರು ಮಾತು ಬಂದ್ ಮಾಡು ಅಂದಾರ."

"ನನ್ನ ಸಲುವಾಗಿ?"

"ಹಂಗಲ್ರಿ. ಕಾಲೇಜಿನ್ಯಾಗೇ ಜಾಸ್ತಿ."

ಅವರು ನಂಬಿದಂತೆ ಕಾಣಲಿಲ್ಲ. ಮುಖ ತಗ್ಗಿಸಿ ಶೇಂಗಾದ ತಟ್ಟೆಯನ್ನು ಕುಲುಕಿದರು. ನನಗೂ ಸಮಾಧಾನ ಹೇಳುವಷ್ಟು ತ್ರಾಣ ಇರಲಿಲ್ಲ. ಆಮೇಲೆ ಅವರೇ ಡಬ್ಬಿ ಎತ್ತಿ ನೋಡಿ, "ಇದರಾಗ ಏನದ?" ಎಂದು ಕೇಳಿದರು. ನಾನು ಮುಚ್ಚಳ ತೆಗೆದು ಕಪ್ಪು ಕಾಳಿನಂಥ ಎರಡು ಟ್ರಾನ್ಸಿಸ್ಟರನ್ನು ತೋರಿಸಿದೆ.

"ನಳದ ಚಾವಿ ಇದ್ದಂಗ್ರಿ ಇದು. ನೀರು ಟಾಕೀದು, ಅಂದ್ರ ಬ್ಯಾಟರೀದು. ನನ್ನ ದನಿ ಚಾವಿ ತಿರುಗಸೋ ಕೈ, ಅಷ್ಟೇ. ಕೈಗೆ ಜೋರು ಬೇಕಿಲ್ಲ."

"ಹಂಗಾದ್ರ ನೀ ಜೋರ್ ಮಾಡಬ್ಯಾಡ" ಎಂದರು.

ಅಂದಿನಿಂದ ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಆ ಡಬ್ಬಿಗೆ ಮಾತು ಯಾವುದು, ಪಾತ್ರೆಯ ಸದ್ದು ಯಾವುದು ಎಂಬ ಭೇದವಿಲ್ಲ. ಕುಕ್ಕರು ಕೂಗಿದರೆ ಅತ್ತೆ ಬೆಚ್ಚಿ ಹೆಡ್‌ಫೋನು ಕಿತ್ತು ಹಾಕುತ್ತಿದ್ದರು. ಮೈಕು ಹೆಡ್‌ಫೋನಿನ ಹತ್ತಿರ ಬಂದರೆ ಸೀಟಿ ಹೊಡೆಯುತ್ತಿತ್ತು, ಹೊರಬಂದ ಸದ್ದೇ ಮತ್ತೆ ಒಳಹೊಕ್ಕು ಸುತ್ತುತ್ತಿತ್ತು. ಬ್ಯಾಟರಿ ಬೇಗ ಇಳಿಯುತ್ತಿತ್ತು. ಕಾಲೇಜಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ, "ಇದು ಸತ್ತದ ನೋಡು" ಎಂದು ಡಬ್ಬಿ ಕೈಗಿಡುತ್ತಿದ್ದರು. ನನ್ನ ಕೆಲಸಗಳಿಗೆ ಇನ್ನೊಂದು ಸೇರಿತ್ತು. ಕೆಲವು ಸಂಜೆ ಅದನ್ನು ಯಾಕಾದರೂ ಮಾಡಿದೆನೋ ಅನ್ನಿಸಿದ್ದೂ ಉಂಟು.

ಆದರೂ ಒಂದು ದಿನ ಘಾಟಬೋರಾಳದ ಫೋನು ಬಂದಾಗ ಅತ್ತೆ ನನ್ನನ್ನು ಕರೆಯಲಿಲ್ಲ. ಫೋನಿನ ಸ್ಪೀಕರ್ ಹಚ್ಚಿ, ಡಬ್ಬಿಯನ್ನು ಅದರ ಬದಿಗಿಟ್ಟು, ತಾವೇ ಮಾತಾಡಿದರು. ಮೊದಲ ಮಾತೇ ಬೈಗುಳ: "ಇಷ್ಟು ದಿನ ಎಲ್ಲಿ ಸತ್ತಿದ್ದಿ?" ಅತ್ತ ಕಡೆಯಿಂದ ತಂಗಿ ನಕ್ಕಳೋ ಅತ್ತಳೋ ನನಗೆ ಗೊತ್ತಾಗಲಿಲ್ಲ. ನಾನು ಒಲೆಯ ಮುಂದೆ ಸುಮ್ಮನೆ ನಿಂತಿದ್ದೆ. ಅವರಿಬ್ಬರೂ ತೊಗರಿಯ ರಾಶಿ, ಯಾರದೋ ಮೊಣಕಾಲು ನೋವು, ತಾಯಿ ಮಾಡುತ್ತಿದ್ದ ಒಂದು ಚಟ್ನಿ ಎಂದು ಮಾತು ಬೆಳೆಸಿದರು. ನಡುವೆ ನಿಂತು ಕೂಗಿ ಹೇಳುವ ಕೆಲಸ ನನ್ನದಾಗಿರಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ಅತ್ತೆಯೇ ಟ್ರಂಕಿನ ಮಷೀನಿನ ಮಾತೆತ್ತಿದರು. ಹೆಡ್‌ಫೋನು ಹಾಕಿಕೊಂಡು ಓಣಿಯಲ್ಲಿ ಕೂತರೆ ಹೆಂಗಸರು ನಗುತ್ತಾರಂತೆ. ಹುಮನಾಬಾದಿನ ಅದೇ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಕಿವಿ ಪರೀಕ್ಷಿಸಿ, ಹಳೆಯದು ಅತ್ತೆಯ ಕಿವಿಗೆ ಸರಿಯಾಗಿ ಹೊಂದಿಸಿರಲಿಲ್ಲವೆಂದು ಹೇಳಿ, ಬೇರೆಯದನ್ನು ಅಳತೆ ನೋಡಿ ಹಾಕಿಸಿದರು. ಸೋಪಿನ ಡಬ್ಬಿಯನ್ನು ತಿರುಗಿಸಿ ನೋಡಿ, "ಯಾರು ಮಾಡಿದ್ದು?" ಎಂದು ಕೇಳಿದರು. ಅತ್ತೆ ನನ್ನ ಕಡೆ ಕೈ ತೋರಿಸಿ, "ಈಕಿಗೆ ಮಾತಾಡಸಬ್ಯಾಡ್ರಿ ಡಾಕ್ಟರೇ, ನನಗ ಕೇಳ್ರಿ" ಎಂದರು. ಮತ್ತು ಎಲ್ಲವನ್ನೂ ತಾವೇ ಹೇಳಿದರು, ನಳದ ಚಾವಿಯ ಸಮೇತ.

ಹೊಸ ಮಷೀನಿಗೆ ಅವರು ಪೂರ್ತಿ ಒಗ್ಗಿಲ್ಲ. ಮಧ್ಯಾಹ್ನ ತೆಗೆದಿಡುತ್ತಾರೆ. ನನ್ನ ಗಂಟಲೂ ಪೂರ್ತಿ ವಾಸಿಯಾಗಿಲ್ಲ. ತರಗತಿಗೆ ಸೊಂಟಕ್ಕೆ ಕಟ್ಟುವ ಸ್ಪೀಕರೊಂದನ್ನು ಕೊಂಡಿದ್ದೇನೆ. ಅದನ್ನು ಚಾರ್ಜ್ ಮಾಡಲು ಮರೆತ ದಿನ ಹಳೆಯ ಕೂಗೇ ಗತಿ.

ಮೊನ್ನೆ ರಜೆಯ ದಿನ ಘಾಟಬೋರಾಳದ ತಂಗಿ ಬಸ್ಸು ಹಿಡಿದು ಬಂದಿದ್ದರು. ಅಂದು ಅತ್ತೆ ಮಧ್ಯಾಹ್ನವೂ ಮಷೀನು ತೆಗೆದಿಡಲಿಲ್ಲ. ಅಕ್ಕತಂಗಿಯರನ್ನು ಪಡಸಾಲೆಯಲ್ಲಿ ಕೂರಿಸಿ, ನಾನು ಒಳಗೆ ಹೋಗಿ ಒಂದು ಕ್ಷಣ ಒರಗಿದೆ. ಎಚ್ಚರವಾದಾಗ ಬಿಸಿಲು ಇಳಿದಿತ್ತು. ಬಾಗಿಲನ್ನು ಯಾರೋ ಹೊರಗಿನಿಂದ ಎಳೆದು ಮುಂದೆ ಮಾಡಿದ್ದರು. ಆಚೆ ಇಬ್ಬರೂ ದನಿ ತಗ್ಗಿಸಿ ಮಾತಾಡುತ್ತಿದ್ದರು. ಅತ್ತೆಯೇ ಹೇಳುತ್ತಿದ್ದರು: "ಸಾವಕಾಶ ಮಾತಾಡು. ಮಲಕೊಂಡಾಳ."